ಪೆಟ್ಟಿಗೆಯೊಳಗಿನ ಆನೆ

ಆ ಬೀದಿಯಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಹೇಗಿದ್ದೀರಿ ಎಂದು ಕೇಳಬಹುದಿತ್ತು. ಪೆಟ್ಟಿಗೆಯಣ್ಣ ಮಾತ್ರ ಕೇಳುವಂತಿರಲಿಲ್ಲ. ಅವನು ಬಾಯಿಮಾತಿಗೆ ಕೇಳಿದರೂ ಎದುರಿಗಿದ್ದವರ ಮುಖ ಬಿಳಿಚಿಕೊಳ್ಳುತ್ತಿತ್ತು. ಎದುರುಮನೆಯ ದರ್ಜಿಗೆ ಒಮ್ಮೆ ನೆಗಡಿಯಾಗಿದ್ದಾಗ “ಆರೋಗ್ಯ ನೋಡ್ಕೊಳ್ಳಿ” ಎಂದುಬಿಟ್ಟಿದ್ದ. ದರ್ಜಿ ಹೊಲಿಯುತ್ತಿದ್ದ ಪ್ಯಾಂಟನ್ನು ಅಲ್ಲೇ ಬಿಟ್ಟು ನೆಟ್ಟಗೆ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದಿದ್ದ. ಇದರಲ್ಲಿ ಪೆಟ್ಟಿಗೆಯಣ್ಣನ ತಪ್ಪೇನೂ ಇಲ್ಲ. ಯಾರಾದರೂ ತೀರಿಕೊಂಡರೆ, ದೂರದ ನೆಂಟರು ಬಂದು ಮುಖ ನೋಡುವ ತನಕ ದೇಹವನ್ನು ಕೆಡದಂತೆ ಮಲಗಿಸಿಡುವ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಇರುತ್ತದಲ್ಲ, ಅದನ್ನು ಬಾಡಿಗೆಗೆ ಕೊಡುವುದು ಅವನ ಹೊಟ್ಟೆಪಾಡು. ಅವನ ಹತ್ತಿರ ಅಂಥ ಎರಡು ಪೆಟ್ಟಿಗೆಗಳಿದ್ದವು, ಒಂದು ಹಳೆಯದು, ಒಂದು ಹೊಸದು.

ಇಂಥ ಕಸುಬಿಗೆ ಅದರದೇ ಆದ ನಯನಾಜೂಕು ಇರುತ್ತದೆ. ಪೆಟ್ಟಿಗೆ ಇಳಿಸಿ ಹೊರಡುವಾಗ ಎಲ್ಲರ ಹಾಗೆ ‘ಬರ್ತೀನಿ’ ಎನ್ನುವಂತಿಲ್ಲ. ಹಾಗೆಂದರೆ ಆ ಮನೆಯ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಹೋಗ್ತೀನಿ’ ಎನ್ನಲು ಅವನ ನಾಲಿಗೆಯೇ ಏಳುತ್ತಿರಲಿಲ್ಲ. ಆದ್ದರಿಂದ ಸುಮ್ಮನೆ ತಲೆಯಾಡಿಸಿ ಜಾಗ ಖಾಲಿ ಮಾಡುತ್ತಿದ್ದ. ಸಾವಿನ ಮನೆಗೆ ಕಾಲಿಡುವ ಮೊದಲು ಫೋನ್ ಆಫ್ ಮಾಡುತ್ತಿದ್ದ. ಬೂದುಬಣ್ಣದ ಉದ್ದನೆಯ ಕೋಟು, ತಗ್ಗಿಸಿದ ತಲೆ, ಬೆಕ್ಕಿನ ಹೆಜ್ಜೆ. ಅಲ್ಲಿ ಪೆಟ್ಟಿಗೆಯವನ ಮುಖವನ್ನು ಯಾರೂ ನೋಡುವುದಿಲ್ಲ. ನೋಡಿದರೆ ತಮ್ಮ ಸರದಿ ಬಂದೀತೆಂಬ ಅಂಜಿಕೆಯೋ ಏನೋ. ಮುಖಕ್ಕೆ ಮುಖ ಕೊಟ್ಟು ಬಾಡಿಗೆ ಚೌಕಾಸಿ ಮಾಡಿದವರೂ ಮಾರನೆಯ ದಿನ ಅಂಗಡಿಯಲ್ಲಿ ಎದುರಾದರೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಗೊಂದಲಕ್ಕೆ ಬೀಳುತ್ತಿದ್ದರು.

ಮನೆಯಲ್ಲಿದ್ದದ್ದು ಇಬ್ಬರೇ, ಅವನು ಮತ್ತು ಅವನ ಮಗಳು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಕಾರ್ಟೂನ್ ಸಿನಿಮಾ ಮಾಡುವುದನ್ನು ಕಲಿತಿದ್ದಳು. ನಿಮ್ಮಪ್ಪ ಏನು ಮಾಡ್ತಾರೆ ಎಂದು ಗೆಳತಿಯರು ಕೇಳಿದರೆ ‘ಕೋಲ್ಡ್ ಸ್ಟೋರೇಜ್’ ಎಂದು ಹೇಳಿ ತಕ್ಷಣ ಬೇರೆ ಮಾತು ತೆಗೆಯುತ್ತಿದ್ದಳು. ಅದು ಅವನ ಕಿವಿಗೂ ಬಿದ್ದಿತ್ತು. ಸುಳ್ಳೇನೂ ಹೇಳಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ, ಆದರೂ ಒಳಗೆಲ್ಲೋ ಮುಳ್ಳಾಡಿದಂತೆ ಆಗುತ್ತಿತ್ತು.

ಹೀಗಿರುವಾಗ ಒಂದು ಕಾರ್ಟೂನ್ ಕಂಪನಿಯವರು ಅವಳಿಗೆ ಪುಟ್ಟದೊಂದು ಸಿನಿಮಾ ಮಾಡಿ ಕಳಿಸು, ಹಿಡಿಸಿದರೆ ಕೆಲಸ ಕೊಡುತ್ತೇವೆ ಎಂದರು. ಶುಕ್ರವಾರ ಸಂಜೆ ಆಫೀಸು ಮುಚ್ಚುವುದರೊಳಗೆ ಬರಬೇಕು, ಆಮೇಲೆ ಬಂದದ್ದನ್ನು ತೆರೆದೂ ನೋಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಮಗಳು ಹಗಲಿರುಳು ಕೂತು ಬಿಕ್ಕಳಿಕೆ ಹತ್ತಿದ ಆನೆಯೊಂದರ ಕಥೆ ಮಾಡಿದಳು. ಆನೆ ಒಂದೊಂದು ಸಲ ಬಿಕ್ಕಳಿಸಿದಾಗಲೂ ಊರಲ್ಲಿ ಏನಾದರೊಂದು ಬೀಳುತ್ತಿತ್ತು. ಚಿತ್ರ ಬರೆದು ಮುಗಿಸಿದರೆ ಕೆಲಸ ಮುಗಿಯಲಿಲ್ಲ. ಆನೆಯ ಮೈಮೇಲಿನ ಪ್ರತಿಯೊಂದು ಸುಕ್ಕಿಗೂ ಬೆಳಕು ಎಲ್ಲಿಂದ ಬೀಳುತ್ತದೆ, ನೆರಳು ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಕಂಪ್ಯೂಟರು ತಾನೇ ಲೆಕ್ಕ ಹಾಕಿ ಸಿನಿಮಾ ಮಾಡಿಕೊಡಬೇಕು. ಮಗಳು ಅದಕ್ಕೆ ‘ಬೇಯಿಸೋದು’ ಎನ್ನುತ್ತಿದ್ದಳು. ಸರಿಯಾದ ಮಾತೇ, ಏಕೆಂದರೆ ಬೇಯಲು ಇಟ್ಟ ಕೂಡಲೇ ಆ ಕಂಪ್ಯೂಟರು ಒಲೆಯ ಹಾಗೆ ಕಾಯುತ್ತಿತ್ತು.

ಕಂಪ್ಯೂಟರನ್ನು ಬಿಡಿಭಾಗ ತಂದು ಅವಳೇ ಊಟದ ಮೇಜಿನ ಮೇಲೆ ಜೋಡಿಸಿದ್ದಳು. ಅಂದಿನಿಂದ ಅಪ್ಪಮಗಳು ಅಡುಗೆಮನೆಯ ಕಟ್ಟೆಯ ಬಳಿ ನಿಂತುಕೊಂಡೇ ಊಟ ಮಾಡುತ್ತಿದ್ದರು. ಅಂಗಡಿಯವನು ಬೇಡವೆಂದರೂ ಕೇಳದೆ ಒಳಗೆಲ್ಲ ಬಣ್ಣಬಣ್ಣದ ದೀಪ ಕಟ್ಟಿಕೊಟ್ಟಿದ್ದ. ಒಮ್ಮೆ ಕೆಂಪು, ಒಮ್ಮೆ ನೀಲಿ, ಒಮ್ಮೆ ಹಸಿರು. ನೋಡಲು ಚೆಂದ, ಆದರೆ ಆನೆ ಎರಡನೆಯ ಬಿಕ್ಕಳಿಕೆಗೆ ಬರುವಷ್ಟರಲ್ಲಿ ಯಂತ್ರ ಕಾದು ಕೆಂಡವಾಗಿ ತನ್ನಷ್ಟಕ್ಕೆ ಆರಿಹೋಗುತ್ತಿತ್ತು.

ತಂಪು ಮಾಡಲು ಅವಳು ಮಾಡದ ಸಾಹಸವಿಲ್ಲ. ಪಕ್ಕದ ತಗಡು ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟಳು. ತಂಪಿಗಿಂತ ಹೆಚ್ಚಾಗಿ ಧೂಳು ಒಳಗೆ ಹೋಯಿತು. ಒಳಗೇ ಇನ್ನಷ್ಟು ಫ್ಯಾನ್ ಕೂರಿಸಿದಳು. ಮನೆಯೇ ಹಾರಿಹೋಗುವಂಥ ಸದ್ದು ಬಂತೇ ಹೊರತು ಶಾಖ ಇಳಿಯಲಿಲ್ಲ. ಪ್ರೊಸೆಸರಿನ ಮೇಲೆ ಬೂದು ಬಣ್ಣದ ಪೇಸ್ಟ್ ಸವರಬೇಕು, ಶಾಖವನ್ನು ಅದು ಮೇಲಿನ ಲೋಹಕ್ಕೆ ದಾಟಿಸುತ್ತದೆ ಎಂದಳು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಪೆಟ್ಟಿಗೆಯಣ್ಣ ಇಡೀ ಟ್ಯೂಬನ್ನು ಹಿಂಡಿ ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ ಬಳಿದ. ಬದಿಗಳಿಂದ ಇಳಿದದ್ದನ್ನು ಹತ್ತಿಯ ಕಡ್ಡಿಯಿಂದ ಒರೆಸುತ್ತ ಮಗಳು ಮಧ್ಯಾಹ್ನವೆಲ್ಲ ಅಪ್ಪನೊಡನೆ ಮಾತಾಡಲಿಲ್ಲ. ನೀರು ಹರಿಸಿ ತಂಪು ಮಾಡುವ ಕೊಳವೆಗಳಿರುತ್ತವೆ ಎಂಬ ವಿಷಯ ಪಕ್ಕದ ಮನೆಯ ನಿವೃತ್ತ ಕಂಡಕ್ಟರನಿಗೆ ಹೇಗೋ ಗೊತ್ತಾಯಿತು. ಬಸ್ಸು ಏರು ಹತ್ತುವಾಗ ನಾವೂ ಹಾಗೇ ಮಾಡುತ್ತಿದ್ದೆವು ಎನ್ನುತ್ತ ಅವನು ತುಂಬಿದ ಮಗ್ಗು ಹಿಡಿದುಕೊಂಡು ಬಂದ. ಅವನನ್ನು ಬಾಗಿಲಲ್ಲೇ ತಡೆಯಲು ಇಬ್ಬರು ಬೇಕಾಯಿತು.

ಗುರುವಾರ ಸಂಜೆ ಮಗಳು ತಲೆಯ ಮೇಲೆ ಕೈಹೊತ್ತು ಕೂತಳು. ಆಗ ಪೆಟ್ಟಿಗೆಯಣ್ಣ ಗಂಟಲು ಸರಿಮಾಡಿಕೊಂಡು, ಹಳೆಯ ಪೆಟ್ಟಿಗೆ ಖಾಲಿ ಇದೆಯಲ್ಲ ಎಂದ.

ಅವಳು ಮೊದಲು ಮುಖ ಸಿಂಡರಿಸಿದಳು. ಅವನು ತೊಳೆದು ಒರೆಸಿಟ್ಟಿದ್ದೇನೆ ಎಂದ. ಕಂಪ್ಯೂಟರು ಎಷ್ಟೇ ಕಾದರೂ ಆ ಕಂಪ್ರೆಸರು ತಡೆಯುತ್ತದೆ, ಎಂಥೆಂಥ ಬೇಸಿಗೆಯನ್ನು ಕಂಡ ಪೆಟ್ಟಿಗೆ ಅದು ಎಂದ. ಮುಚ್ಚಳದ ಸುತ್ತ ರಬ್ಬರಿದೆ, ಒಂದು ಸಲ ಮುಚ್ಚಿದರೆ ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ ಎಂದ. ತಂತಿ ಹೊರಬರಲು ಒಂದು ಕಿಂಡಿಯೂ ಇತ್ತು. ತನ್ನ ಕಸುಬಿನ ಬಗ್ಗೆ ಮಗಳೊಡನೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಮಗಳು ಅಷ್ಟು ಗಮನವಿಟ್ಟು ಕೇಳಿದ್ದೂ ಅದೇ ಮೊದಲು.

“ಒಂದೇ ಮಾತು ನೆನಪಿಟ್ಕೊ,” ಎಂದ. “ಕೆಲಸ ಮುಗಿಯೋ ತನಕ ಮುಚ್ಚಳ ತೆಗೀಬಾರದು. ತಣ್ಣಗಿರೋ ವಸ್ತುವಿಗೆ ಹೊರಗಿನ ಗಾಳಿ ತಾಗಿದ್ರೆ ಬೆವರುತ್ತೆ. ನಿನ್ನ ಕಂಪ್ಯೂಟರ್ ಬೆವರಿದ್ರೆ ಸತ್ತಂತೆಯೇ.”

“ನನ್ನ ಜೀವ ಹೋದ್ರೂ ತೆಗೆಯಲ್ಲ ಅಪ್ಪ,” ಎಂದಳು ಮಗಳು.

ಶುಕ್ರವಾರ ಬೆಳಗ್ಗೆ ಹಿತ್ತಿಲ ಶೆಡ್ಡಿನಿಂದ ಹಳೆಯ ಪೆಟ್ಟಿಗೆಯನ್ನು ಇಬ್ಬರೂ ತಳ್ಳಿಕೊಂಡು ಬಂದರು. ಭಾರದ ಯಂತ್ರಗಳಿಗೆ ಬೇಕಾದ ದಪ್ಪ ಪ್ಲಗ್ಗು ಇದ್ದದ್ದು ಮುಂದಿನ ಕೋಣೆಯಲ್ಲಿ, ಆದ್ದರಿಂದ ಅಲ್ಲೇ ನಿಲ್ಲಿಸಿದರು. ಕಂಪ್ಯೂಟರನ್ನು ಒಳಗೆ ಮಲಗಿಸಿ, ತಂತಿಗಳನ್ನು ಕಿಂಡಿಯಿಂದ ಒಳಕೋಣೆಯಲ್ಲಿದ್ದ ಪರದೆಯ ತನಕ ಎಳೆದು, ಮುಚ್ಚಳ ಹಾಕಿ ನಾಲ್ಕೂ ಕ್ಲಿಪ್ಪು ಬಿಗಿದರು. ಸ್ವಲ್ಪ ಹೊತ್ತಿಗೆ ಗಾಜು ಮಂಜುಗಟ್ಟಿ ಒಳಗಿದ್ದದ್ದು ಕಾಣದಾಯಿತು. ದೀಪಗಳು ಮಾತ್ರ ಮಂಜಿನೊಳಗಿಂದ ಕೆಂಪಗೆ, ನೀಲಿಯಾಗಿ, ಹಸಿರಾಗಿ ಉಸಿರಾಡತೊಡಗಿದವು. ಅದು ಕಣ್ಣಿಗೆ ಹೊಡೆಯುತ್ತದೆಂದು ಮಗಳು ಬಿಳಿಯ ಹೊದಿಕೆಯೊಂದನ್ನು ದೀಪವಿದ್ದ ಅರ್ಧಕ್ಕೆ ಹೊದಿಸಿದಳು. ಆನೆ ಮೂರನೆಯ ಬಿಕ್ಕಳಿಕೆ ದಾಟಿತು, ನಾಲ್ಕನೆಯದನ್ನೂ ದಾಟಿತು. ಯಂತ್ರ ಆರಲಿಲ್ಲ. ಮಗಳು ಅಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದಿನಿಂದ ಪೆಟ್ಟಿಗೆಯಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಓದುವವರಿಗೆ ಈಗಾಗಲೇ ಹೊಳೆದಿರುವುದು ಅವರಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬೇರೆ ಯಾವ ಮನೆಯವರಿಗಾದರೂ ಮುಂದಿನ ಕೋಣೆಯಲ್ಲಿ ಅಂಥ ಪೆಟ್ಟಿಗೆ ನಿಂತರೆ ಬೀದಿಯವರು ಏನೆಂದುಕೊಂಡಾರು ಎಂಬ ಯೋಚನೆ ಬರುತ್ತಿತ್ತು. ಇವರಿಗೆ ಅದು ಬಕೆಟ್ಟು, ಏಣಿಯಂತೆ ಮನೆಯ ಒಂದು ಸಾಮಾನು ಅಷ್ಟೇ. ಮಗಳು ಚಿಕ್ಕವಳಿದ್ದಾಗ ಅದರ ಮೇಲೆ ಪುಸ್ತಕ ಹರಡಿಕೊಂಡು ಮನೆಪಾಠ ಬರೆದದ್ದುಂಟು.

ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಊರಾಚೆಯ ಒಂದು ಮನೆಯಲ್ಲಿ ಸಾವಾಗಿತ್ತು, ಹೊಸ ಪೆಟ್ಟಿಗೆ ಬೇಕಿತ್ತು. ಮಗಳು ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಪರದೆಯ ಮುಂದೆ ಕೂತಿದ್ದಳು. ಪೆಟ್ಟಿಗೆಯಣ್ಣ ಅವಳಿಗೆ ಹೇಳಿ, ಕೋಟು ತೊಟ್ಟುಕೊಂಡು ಹಿಂಬಾಗಿಲಿನಿಂದ ಹೊರಬಿದ್ದು, ಹಿಂದಿನ ಓಣಿಯಲ್ಲಿ ನಿಂತಿದ್ದ ವ್ಯಾನು ಹತ್ತಿದ. ಸಾವಿನ ಮನೆ ತಲುಪಿದಾಗ ವಾಡಿಕೆಯಂತೆ ಫೋನ್ ಆಫ್ ಮಾಡಿದ. ಆಮೇಲೆ ಅದನ್ನು ಮತ್ತೆ ಹಚ್ಚುವುದನ್ನು ಮರೆತ. ದಾರಿಯುದ್ದಕ್ಕೂ ಆನೆ ಎಲ್ಲಿಗೆ ಬಂದಿರಬಹುದು ಎಂದೇ ಯೋಚಿಸುತ್ತಿದ್ದ.

ಅತ್ತ ದರ್ಜಿ, ಹೊಲಿದಿಟ್ಟ ಅಂಗಿ ಕೊಡಲು ಬೀದಿ ದಾಟಿ ಬಂದು, ಚಿಲಕ ಹಾಕದೆ ಮುಚ್ಚಿದ್ದ ಬಾಗಿಲು ತಟ್ಟಿದ. ಉತ್ತರವಿಲ್ಲ. ಕಿಟಕಿಯಲ್ಲಿ ಇಣುಕಿದ. ಕೋಣೆಯ ನಡುವೆ ಪೆಟ್ಟಿಗೆ, ಅದರ ಮೇಲೆ ಬಿಳಿಯ ಹೊದಿಕೆ. ಅದರಾಚೆ ಒಳಕೋಣೆಯಲ್ಲಿ ಮಗಳು ಮೇಜಿನ ಮೇಲೆ ತಲೆಯಿಟ್ಟು ಬಿದ್ದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ಗಾಢನಿದ್ದೆಗೆ ಜಾರಿದ್ದಳು. ದರ್ಜಿಗೆ ಕಂಡದ್ದು ಅತ್ತು ಅತ್ತು ಸುಸ್ತಾದ ಹೆಣ್ಣುಮಗಳು. ಆ ಮನೆಯಲ್ಲಿದ್ದದ್ದು ಇಬ್ಬರು. ಒಬ್ಬಳು ಮೇಜಿನ ಮೇಲಿದ್ದಾಳೆ ಎಂದ ಮೇಲೆ ಪೆಟ್ಟಿಗೆಯಲ್ಲಿರುವುದು ಯಾರೆಂದು ಲೆಕ್ಕ ಹಾಕಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ, ದರ್ಜಿಯ ಹತ್ತಿರ ಅದು ಇರಲೂ ಇಲ್ಲ. ಪೆಟ್ಟಿಗೆಯಣ್ಣನಿಗೆ ಫೋನ್ ಮಾಡಿ ನೋಡಿದ. ಆಫ್ ಆಗಿತ್ತು. ಇನ್ನೇನು ಬೇಕು? ಅರ್ಧ ಗಳಿಗೆಯಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತು, ಎರಡು ಬೀದಿ ಆಚೆಗಿದ್ದ ಅವನ ಅಕ್ಕನಿಗೂ ಮುಟ್ಟಿತು.

ಪೆಟ್ಟಿಗೆಯಣ್ಣ ಹಿಂದಿರುಗಿ ಬರುವಾಗ ಓಣಿಯಲ್ಲಿ ಹಾಲಿನ ಗಾಡಿಯೊಂದು ಕೆಟ್ಟು ನಿಂತಿತ್ತು. ಹಾಗಾಗಿ ವ್ಯಾನನ್ನು ಬೀದಿಯ ತುದಿಯಲ್ಲಿ ಬಿಟ್ಟು ನಡೆದು ಬಂದ. ದೂರದಿಂದಲೇ ಬಾಡಿಗೆ ಕುರ್ಚಿಗಳ ಸಾಲು ಕಾಣಿಸಿತು, ಒಂದು ಮನೆಯ ಮೆಟ್ಟಿಲ ಬಳಿ ಚಪ್ಪಲಿಗಳ ಗುಡ್ಡೆ ಕಾಣಿಸಿತು. ಚಪ್ಪಲಿಯ ಗುಡ್ಡೆ ನೋಡಿ ಸತ್ತವರ ಯೋಗ್ಯತೆ ಅಳೆಯುವುದು ಅವನಿಗೆ ಇಷ್ಟು ವರ್ಷದ ಅಭ್ಯಾಸ. ಯಾರೋ ಜನ ಸಂಪಾದಿಸಿದ ಮನುಷ್ಯ ಎಂದುಕೊಂಡ. ಮನಸ್ಸಿಗೆ ಬೇಸರವಾಯಿತು. ಅದರ ಹಿಂದೆಯೇ ಕೋಪವೂ ಬಂತು. ತಮ್ಮದೇ ಬೀದಿಯಲ್ಲಿ ಸಾವಾಗಿ, ತನಗೊಂದು ಮಾತೂ ಹೇಳದೆ ಬೇರೆಯವನ ಪೆಟ್ಟಿಗೆ ತರಿಸಿದ್ದಾರಲ್ಲ, ಇದೆಂಥ ನೆರೆಹೊರೆ ಎಂದು ಹಲ್ಲು ಕಡಿದ. ಇನ್ನೂ ನಾಲ್ಕು ಹೆಜ್ಜೆ ಹಾಕಿದ ಮೇಲೆ ಅದು ತನ್ನದೇ ಮನೆ ಎಂದು ತಿಳಿಯಿತು.

ಅವನ ಜೀವ ಬಾಯಿಗೆ ಬಂತು. ಮಗಳಿಗೇನಾದರೂ ಆಯಿತೇ ಎಂದು ಬಿದ್ದೆನೋ ಎದ್ದೆನೋ ಎಂದು ಪಕ್ಕದ ಸಂದಿಯಿಂದ ಓಡಿ ಹಿಂಬಾಗಿಲಲ್ಲಿ ಒಳಹೊಕ್ಕ. ಒಳಕೋಣೆಯಲ್ಲಿ ಮಗಳು ಮೇಜಿನ ಮೇಲೆ ತಲೆಯಿಟ್ಟು, ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದಳು. ಪರದೆಯ ಮೇಲೆ ಆನೆ ಕೊನೆಯ ಬಿಕ್ಕಳಿಕೆಯ ಹತ್ತಿರ ಬಂದಿತ್ತು. ಹೋದ ಜೀವ ತಿರುಗಿ ಬಂದಂತಾಯಿತು. ಅವಳನ್ನು ಎಬ್ಬಿಸದೆ, ಅಭ್ಯಾಸಬಲದಿಂದ ತಲೆತಗ್ಗಿಸಿಕೊಂಡು, ಮೆತ್ತಗೆ ಮುಂದಿನ ಕೋಣೆಗೆ ಹೋದ.

ಕೋಣೆಯ ತುಂಬ ಜನ. ಯಾರೂ ಅವನ ಕಡೆ ನೋಡಲಿಲ್ಲ. ಬೂದುಬಣ್ಣದ ಕೋಟು ಕಂಡೊಡನೆ ಕಣ್ಣು ಬೇರೆ ಕಡೆ ಹೊರಳಿಸಿ ದಾರಿ ಬಿಟ್ಟರು. ಅವನು ನೇರವಾಗಿ ಪೆಟ್ಟಿಗೆಯ ಕಾಲಬದಿಗೆ ಹೋಗಿ ಬಗ್ಗಿ ಶೀತ ತೋರಿಸುವ ಮುಳ್ಳು ನೋಡಿದ. ಎಲ್ಲಿರಬೇಕೋ ಅಲ್ಲೇ ಇತ್ತು. ಪಕ್ಕದಲ್ಲಿ ಕಂಡಕ್ಟರು ಜನರನ್ನು ಸಾಲಾಗಿ ನಿಲ್ಲಿಸಿ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗ್ತಾ ಇರಿ, ಇನ್ನೂ ಜಾಗ ಇದೆ ಎಂದು ಮುಂದಕ್ಕೆ ಸಾಗಿಸುತ್ತಿದ್ದ. ಪೆಟ್ಟಿಗೆಯಣ್ಣ ಸಾವಿನ ಮನೆಯಲ್ಲಿ ಮಾತಾಡುವ ಧ್ವನಿಯಲ್ಲೇ ಅವನನ್ನು ಕೇಳಿದ.

“ಯಾರು ಹೋದದ್ದು?”

“ಈ ಮನೆ ಯಜಮಾನ,” ಎಂದ ಕಂಡಕ್ಟರು, ತಿರುಗಿಯೂ ನೋಡದೆ. “ಸ್ವಲ್ಪ ಸರೀರಿ, ಹಿಂದೆ ಜನ ಇದ್ದಾರೆ.”

ಪೆಟ್ಟಿಗೆಯಣ್ಣ ಸರಿದು ಗೋಡೆಗೆ ಒರಗಿದ. ಈ ಮನೆಯ ಯಜಮಾನ ಯಾರು ಎಂದು ಯೋಚಿಸಿದ. ಯಾವ ಕಡೆಯಿಂದ ಯೋಚಿಸಿದರೂ ತಾನೇ ಎಂಬ ತೀರ್ಮಾನಕ್ಕೆ ಬರಬೇಕಾಯಿತು.

ಬಾಯಿ ತೆರೆದು ನಾನಿಲ್ಲಿದ್ದೇನೆ ಎಂದು ಹೇಳಬೇಕಿತ್ತು. ಆದರೆ ಇಷ್ಟು ಜನರ ನಡುವೆ ಸತ್ತವನು ಮಾತಾಡಿದರೆ ಹೆದರಿದವರು ಪೆಟ್ಟಿಗೆಯ ಮೇಲೆ ಬಿದ್ದು ಗಾಜು ಒಡೆದಾರು ಎಂಬ ಅಳುಕು ಹುಟ್ಟಿತು. ಆನೆಗೆ ಇನ್ನು ಸ್ವಲ್ಪ ಹೊತ್ತು ಸಾಕು. ಅದೂ ಅಲ್ಲದೆ, ಮುಚ್ಚಿಡುವುದೇಕೆ, ತನ್ನ ಬಗ್ಗೆ ಜನ ಏನು ಹೇಳುತ್ತಾರೋ ಕೇಳೋಣ ಎಂಬ ಆಸೆಯೂ ಇತ್ತು. ಬೇರೆಯವರ ಮನೆಯಲ್ಲಿ ಎಷ್ಟು ಗುಣಗಾನ ಕೇಳಿದ್ದನೋ ಏನೋ! ಸತ್ತ ಮೇಲೆ ಎಂಥ ಮುಂಗೋಪಿಯೂ ಬಂಗಾರದಂಥ ಮನುಷ್ಯನಾಗುವುದನ್ನು ಕಣ್ಣಾರೆ ಕಂಡಿದ್ದ.

ಅವನ ಪಾಲಿಗೆ ಬಂದ ಗುಣಗಾನ ಅಷ್ಟೇನೂ ಹೊಟ್ಟೆ ತುಂಬುವಂತಿರಲಿಲ್ಲ. ಮನುಷ್ಯ ಯಾರ ತಂಟೆಗೂ ಹೋಗುತ್ತಿರಲಿಲ್ಲ ಎಂದರು ಒಬ್ಬರು. ಯಾರೂ ಅವನ ತಂಟೆಗೆ ಹೋಗುತ್ತಿರಲಿಲ್ಲ ಎಂದು ಇನ್ನೊಬ್ಬರು ತಿದ್ದಿದರು. ದರ್ಜಿ ಕಣ್ಣೊರೆಸಿಕೊಳ್ಳುತ್ತ, ಅವರ ಸೊಂಟದ ಅಳತೆ ಇನ್ನೂ ನನ್ನ ಬಾಯಲ್ಲೇ ಇದೆ ಎಂದು ಗದ್ಗದಿತನಾದ. ಅಷ್ಟರಲ್ಲಿ ಹೊದಿಕೆ ಸ್ವಲ್ಪ ಜಾರಿ ಗಾಜಿನೊಳಗಿನ ಬೆಳಕು ಹೊರಗೆ ಬಂತು. ಮೊದಲು ಕೆಂಪು, ಆಮೇಲೆ ನೀಲಿ. ಒಬ್ಬ ಮುದುಕಿ ಕೈಮುಗಿದು, ಈ ಕಾಲದಲ್ಲೂ ಇಂಥ ಪುಣ್ಯಾತ್ಮರು ಇರುತ್ತಾರೆಂದು ಗೊತ್ತಿರಲಿಲ್ಲ ಎಂದಳು. ಬೆಳಕು ಹಸಿರಾದಾಗ ಇಬ್ಬರು ಮೂವರು ಮೊಣಕಾಲೂರಿದರು. ತನ್ನೊಳಗೆ ಇಂಥದ್ದೊಂದು ಬೆಳಕಿದೆ ಎಂದು ಬದುಕಿದ್ದಾಗ ಯಾರಿಗೂ ಅನ್ನಿಸಿರಲಿಲ್ಲವಲ್ಲ ಎಂದು ಪೆಟ್ಟಿಗೆಯಣ್ಣನಿಗೆ ತುಸು ಬೇಜಾರೇ ಆಯಿತು.

ಆಗಲೇ ಅವನ ಅಕ್ಕ ಬಂದದ್ದು. ಆಕೆಯ ಗಂಟಲು ಬೀದಿಗೆಲ್ಲ ಹೆಸರುವಾಸಿ. ಬಾಗಿಲಿನಿಂದಲೇ ಸ್ವರ ಎತ್ತಿ, ಜನರನ್ನು ಎಡಕ್ಕೂ ಬಲಕ್ಕೂ ಸರಿಸಿ, ಕೋಟಿನಲ್ಲಿ ನಿಂತಿದ್ದ ತಮ್ಮನನ್ನೂ ಮೊಣಕೈಯಿಂದ ಪಕ್ಕಕ್ಕೆ ನೂಕಿ ಪೆಟ್ಟಿಗೆಯ ಮೇಲೆ ಬಿದ್ದಳು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು, ಅವನು ಕಚ್ಚಿದ್ದು, ಅವಳು ಹೊಡೆದದ್ದು ಎಲ್ಲವೂ ಹೊರಗೆ ಬಂತು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಪೆಟ್ಟಿಗೆಯಣ್ಣ ಇನ್ನು ತಮಾಷೆ ಸಾಕು ಎಂದು ಅವಳ ಭುಜದ ಕಡೆಗೆ ಕೈ ಚಾಚಿದ.

ಆ ಕೈ ಭುಜ ಮುಟ್ಟುವ ಮೊದಲೇ ಅಕ್ಕ ಎದ್ದು ಒಳಕೋಣೆಗೆ ನುಗ್ಗಿದ್ದಳು. ಮಲಗಿದ್ದವಳ ತಲೆಯಿಂದ ಹೆಡ್‌ಫೋನು ಕಿತ್ತು ಎಸೆದು, ಅವಳನ್ನು ಎಬ್ಬಿಸಿ, ತಬ್ಬಿಕೊಂಡು, ಮುಂದಿನ ಕೋಣೆಗೆ ಎಳೆದುಕೊಂಡೇ ಬಂದಳು.

“ಅಪ್ಪ ಹೋಗ್ಬಿಟ್ನಲ್ಲೇ ತಾಯಿ,” ಎಂದು ಅತ್ತೆ ಅವಳ ಕಿವಿಯಲ್ಲೇ ಗೋಳಿಟ್ಟಳು. “ಕೊನೇ ಸಲ ಮುಖ ನೋಡ್ಬಿಡೇ.”

ನಿದ್ದೆಗಣ್ಣಿನ ಹುಡುಗಿಗೆ ಕಂಡದ್ದು ಅಳುವ ಜನ, ಹೂವು, ಮೊಣಕಾಲೂರಿದ ಮುದುಕಿ, ನಡುವೆ ಆ ಪೆಟ್ಟಿಗೆ. ಅವಳ ಮುಖದ ಬಣ್ಣವೇ ಇಳಿದುಹೋಯಿತು. ಪೆಟ್ಟಿಗೆಯಣ್ಣ ಜನರ ಸಂದಿಯಲ್ಲಿ ಕೈ ಎತ್ತಿದ, ಬಾಯಿ ತೆರೆದ. ಇಷ್ಟು ವರ್ಷ ಸಾವಿನ ಮನೆಯಲ್ಲಿ ಪಿಸುಮಾತಾಡಿ ಅಭ್ಯಾಸವಾಗಿದ್ದ ಅವನ ಗಂಟಲಿನಿಂದ ಪಿಸುಮಾತೇ ಹೊರಟಿತು. ಮಗಳು ಒಂದೇ ನೆಗೆತಕ್ಕೆ ಪೆಟ್ಟಿಗೆಯ ಬಳಿಗೆ ಬಂದು, ನಾಲ್ಕೂ ಕ್ಲಿಪ್ಪುಗಳನ್ನು ಪಟಪಟನೆ ಕಿತ್ತು, ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ತಳ್ಳಿದಳು.

ಬಿಳಿಯ ಮಂಜು ಭುಸ್ಸೆಂದು ಮೇಲೆದ್ದಿತು. ಅದರೊಳಗೆ ಕೆಂಪು, ನೀಲಿ, ಹಸಿರು ಬೆಳಕು ಕುಣಿಯಿತು. ಅರ್ಧ ಕೋಣೆ ಕಿಟ್ಟನೆ ಕಿರುಚಿ ಬಾಗಿಲ ಕಡೆಗೆ ಓಡಿತು. ಮಂಜು ಇಳಿದ ಮೇಲೆ ಅಕ್ಕ ಬಗ್ಗಿ ನೋಡಿದಳು. ಒಳಗೆ ಮೊಣಕಾಲೆತ್ತರದ ಒಂದು ಲೋಹದ ಡಬ್ಬಿ, ಅದರ ತುಂಬ ತಂತಿ.

“ಅಯ್ಯೋ ದೇವರೇ, ನನ್ನ ತಮ್ಮ ಇಷ್ಟೇ ಇಷ್ಟು ಆಗ್ಬಿಟ್ನಾ?” ಎಂದಳು.

ಡಬ್ಬಿಯ ಮೈಮೇಲೆ ಸಣ್ಣ ಸಣ್ಣ ನೀರಹನಿಗಳು ಮೂಡಿದವು. ಹನಿಗಳು ಕೂಡಿಕೊಂಡು ಕೆಳಗಿಳಿದವು. ಒಳಗೆಲ್ಲೋ ಟಪ್ ಎಂದಿತು. ದೀಪಗಳು ಆರಿದವು, ಫ್ಯಾನುಗಳು ನಿಂತವು. ಒಳಕೋಣೆಯ ಪರದೆಯಲ್ಲಿ ಕೊನೆಯ ಬಿಕ್ಕಳಿಕೆಗೆಂದು ಸೊಂಡಿಲು ಎತ್ತಿದ್ದ ಆನೆ ಹಾಗೇ ಮಾಯವಾಯಿತು.

“ಅಕ್ಕಾ, ನಾನಿಲ್ಲೇ ಇದ್ದೀನಿ,” ಎಂದ ಪೆಟ್ಟಿಗೆಯಣ್ಣ, ಈಗ ಎಲ್ಲರಿಗೂ ಕೇಳುವಂತೆ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈ ಬೀಸಿ ಕೆನ್ನೆಗೊಂದು ಕೊಟ್ಟು, ಮೊದಲಿಗಿಂತ ಜೋರಾಗಿ ಅಳತೊಡಗಿದಳು. ದರ್ಜಿ ತಾನು ತಂದಿದ್ದ ಹೂವನ್ನು ಯಾರೂ ನೋಡದಂತೆ ವಾಪಸು ತೆಗೆದುಕೊಂಡ. ಕಂಡಕ್ಟರು ಬಹಳ ಹೊತ್ತು ತಲೆಕೆರೆದುಕೊಂಡು, ಹಾಗಾದರೆ ಇಷ್ಟು ಹೊತ್ತು ನಾವು ಯಾರಿಗೆ ಅಳುತ್ತಿದ್ದೆವು ಎಂದು ಕೇಳಿದ.

ಮಗಳು ಪೆಟ್ಟಿಗೆಯ ಅಂಚು ಹಿಡಿದುಕೊಂಡು ಅಪ್ಪನನ್ನೇ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಕಾರ್ಟೂನ್ ಕಂಪನಿಯ ಹೆಂಗಸು, ಸಿನಿಮಾ ಎಲ್ಲಿ, ಆಫೀಸು ಮುಚ್ಚುವ ಹೊತ್ತಾಯಿತು ಎಂದು ಕೇಳಿದಳು. ಮಗಳಿಗೆ ದುಃಖ ಒತ್ತರಿಸಿ ಬಂತು. ಅಪ್ಪ ಹೋಗಿಬಿಟ್ಟರು ಎಂದು ಎಲ್ಲರೂ ಅಂದರು, ನಾನು ಮುಚ್ಚಳ ತೆಗೆದುಬಿಟ್ಟೆ ಎಂದು ಬಿಕ್ಕಿದಳು. ಹಿನ್ನೆಲೆಯಲ್ಲಿ ಅತ್ತೆಯ ಗಂಟಲು ಏರುತ್ತಲೇ ಇತ್ತು. ಆಚೆಯ ದನಿ ಒಮ್ಮೆಲೇ ಮೆತ್ತಗಾಯಿತು. ಸಿನಿಮಾದ ಚಿಂತೆ ಬಿಡಮ್ಮ, ಮುಂದಿನ ಶುಕ್ರವಾರ ಕಳಿಸಿದರೂ ಸಾಕು ಎಂದಿತು.

ಮಗಳು ಪ್ರಾಮಾಣಿಕಳು. ಇಲ್ಲ ಮೇಡಂ, ಅಪ್ಪ ಸತ್ತಿಲ್ಲ, ಇಲ್ಲೇ ನನ್ನೆದುರಿಗೇ ನಿಂತಿದ್ದಾರೆ ಎಂದಳು.

“ಗೊತ್ತಮ್ಮ,” ಎಂದು ಆ ಹೆಂಗಸೂ ಮೂಗು ಸೆಳೆದಳು. “ನಮ್ಮಪ್ಪ ಹೋದಾಗ ನನಗೂ ಹೀಗೇ ಆಗ್ತಿತ್ತು. ಎಲ್ಲಿ ನೋಡಿದ್ರೂ ಅಲ್ಲೇ ನಿಂತ ಹಾಗೆ.”

ಪೆಟ್ಟಿಗೆಯಣ್ಣ ಫೋನ್ ಇಸಿದುಕೊಂಡು, ನಾನು ಹುಡುಗಿಯ ತಂದೆ ಮಾತಾಡುತ್ತಿದ್ದೇನೆ ಎಂದ. ಗದ್ದಲದಲ್ಲಿ ಅವಳಿಗೆ ಏನು ಕೇಳಿಸಿತೋ, ನೀವೆಲ್ಲ ದೊಡ್ಡವರು, ನೀವೇ ಧೈರ್ಯಗೆಟ್ಟರೆ ಹೇಗೆ, ತಂದೆಯ ಸ್ಥಾನದಲ್ಲಿ ನಿಂತು ಹುಡುಗಿಯನ್ನು ನೋಡಿಕೊಳ್ಳಿ ಎಂದು ಬುದ್ಧಿ ಹೇಳಿ ಫೋನ್ ಇಟ್ಟಳು. ಅವನು ಆಗಲಿ ಎಂದು ಒಪ್ಪಿಕೊಂಡ. ಬೇರೆ ದಾರಿಯೂ ಇರಲಿಲ್ಲ.

ಸಂಜೆ ಕುರ್ಚಿಗಳೆಲ್ಲ ವಾಪಸು ಹೋದವು. ಅಕ್ಕ ಇನ್ನೊಮ್ಮೆ ತಮ್ಮನಿಗೆ ಬಯ್ದು, ಇನ್ನೊಮ್ಮೆ ತಬ್ಬಿಕೊಂಡು, ಮನೆಗೆ ಹೊರಟಳು. ಅಪ್ಪಮಗಳು ನೆಲದ ಮೇಲೆ ಹಳೆಯ ಟವೆಲು ಹಾಸಿ, ಕಂಪ್ಯೂಟರಿನ ಭಾಗಗಳನ್ನು ಒಂದೊಂದಾಗಿ ಬಿಚ್ಚಿ, ಕೂದಲು ಒಣಗಿಸುವ ಯಂತ್ರದಿಂದ ಬೆಚ್ಚಗೆ ಗಾಳಿ ಹಾಯಿಸುತ್ತ ಕೂತರು. ಒಂದು ಭಾಗ ಸುಟ್ಟಿತ್ತು, ಉಳಿದವು ಬದುಕಿದ್ದವು. ಮುಂದಿನ ವಾರ ಮತ್ತೆ ಇದೇ ಪೆಟ್ಟಿಗೆಯಲ್ಲಿ ಇಡೋಣ, ಈ ಸಲ ಹೊರಗೆ ದೊಡ್ಡದಾಗಿ ಒಂದು ಬೋರ್ಡು ಬರೆದು ಹಾಕೋಣ ಎಂದು ಮಗಳೇ ಹೇಳಿದಳು. ಅವನು ಒಂದು ಸಣ್ಣ ಫ್ಯಾನನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಒಂದು ಮಾತು ಅವನನ್ನು ಆಗಿನಿಂದ ಕೊರೆಯುತ್ತಿತ್ತು.

“ಅಲ್ಲಮ್ಮ, ಬೆಳಗ್ಗೆ ನೀನೇ ನಿನ್ನ ಕೈಯಾರೆ ಒಳಗಿಟ್ಟು ಮುಚ್ಚಿದ್ದು. ಅದರಲ್ಲಿರೋದು ಕಂಪ್ಯೂಟರ್ ಅಂತ ನಿನಗೆ ಗೊತ್ತಿರಲಿಲ್ಲವಾ?”

“ಗೊತ್ತಿತ್ತು,” ಎಂದಳು ಮಗಳು.

“ತೆಗೆದ್ರೆ ಹಾಳಾಗುತ್ತೆ ಅಂತಾನೂ ಗೊತ್ತಿತ್ತು.”

“ಗೊತ್ತಿತ್ತು.” ಅವಳು ತಲೆಯೆತ್ತದೆ ತಂತಿಯೊಂದನ್ನು ಒರೆಸುತ್ತಲೇ ಇದ್ದಳು. “ಒಳಗೆ ಕಂಪ್ಯೂಟರ್ ಇದೆ ಅಂತ ಗೊತ್ತಿತ್ತು ಅಪ್ಪ. ನೀನಿಲ್ಲ ಅಂತ ಗೊತ್ತಿರಲಿಲ್ಲ.”

ಪೆಟ್ಟಿಗೆಯಣ್ಣ ಫ್ಯಾನನ್ನು ಟವೆಲಿನ ಮೇಲೆ ಇಟ್ಟ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಆ ಗಾಜಿನ ಮೇಲೆ ಬಗ್ಗಿ ಅತ್ತದ್ದನ್ನು ಅವನು ಮೂಲೆಯಲ್ಲಿ ನಿಂತು ನೋಡಿದ್ದ. ಒಂದು ದಿನವೂ ಕಣ್ಣು ತೇವವಾಗಿರಲಿಲ್ಲ, ಆಗುವುದು ಕಸುಬಿಗೆ ಸರಿಯೂ ಅಲ್ಲ. ಈಗ ಮಗಳ ಮುಂದೆ ಕೂತು, ಕೋಟಿನ ತೋಳಿನಿಂದ ಮುಖ ಮುಚ್ಚಿಕೊಂಡು, ದೊಡ್ಡ ದನಿ ತೆಗೆದು ಅತ್ತುಬಿಟ್ಟ. ಮಗಳು ಗಾಬರಿಯಾಗಿ ಕೂದಲು ಒಣಗಿಸುವ ಯಂತ್ರವನ್ನು ಅವನ ಮುಖದ ಕಡೆಗೆ ತಿರುಗಿಸಿದಳು.